ಹಂಚಿನ ದನಿ, ಅಕ್ಕನ ಕೈ

ನಾನು ಬರೆದ ಮೊದಲ ಪ್ಲಗಿನ್ ಹಂಚುಗಳೆಲ್ಲ ಒಡೆದಿವೆ ಎಂದು ತೀರ್ಪು ಕೊಟ್ಟಿತು. ಒಂದನ್ನೂ ಬಿಡಲಿಲ್ಲ. ಹೆಂಡತಿ ಲ್ಯಾಪ್‌ಟಾಪಿನ ಪರದೆಯನ್ನು ಒಮ್ಮೆ ನೋಡಿ, “ಹ್ವಾಯ್, ಇದ್ ಥೇಟ್ ನಿಮ್ಮಂಗೇ. ಎಲ್ಲ ಹಾಳಾಯ್ತ್ ಅಂದೇಳಿ ಮೊದ್ಲೇ ಹೇಳಿಬಿಡ್ತ್” ಎಂದು ಒಳಗೆ ಹೋದಳು.

ತಕರಾರು ಮಾಡುವ ಹಾಗಿರಲಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಲ್ಲಿ ಬಸ್ಸಿಳಿದು ಮನೆಗೆ ಬಂದವನು ನಾನು. ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಐವತ್ತು ದಾಟಿದ ಮೇಲೆ ಹಿಡಿದ ಹುಚ್ಚೆಂದರೆ ಧ್ವನಿಯನ್ನು ಅಳೆಯುವುದು. ದಾಖಲಿಸಿದ ಧ್ವನಿಯನ್ನು ಅಲೆಯಾಗಿ ತೋರಿಸುವ ತಂತ್ರಾಂಶಗಳಿವೆ. ನಮಗೆ ಬೇಕಾದ ಅಳತೆ ಅದರಲ್ಲಿ ಇಲ್ಲದಿದ್ದರೆ ನಾವೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ತುಣುಕು ಬರೆದು ಅದಕ್ಕೆ ಸಿಕ್ಕಿಸಬಹುದು. ಆ ತುಣುಕೇ ಪ್ಲಗಿನ್. ದೊಡ್ಡ ತಂತ್ರಾಂಶ ಮೊದಲು ಹೆಣ್ಣು ನೋಡಲು ಬಂದವರ ಹಾಗೆ ಪ್ರಶ್ನೆ ಕೇಳುತ್ತದೆ: ಹೆಸರೇನು, ಒಂದು ಸಲಕ್ಕೆ ಎಷ್ಟು ಧ್ವನಿ ಬೇಕು, ಬದಲಿಗೆ ಏನು ಕೊಡುತ್ತೀ? ಉತ್ತರ ಸರಿ ಕಂಡರೆ ಧ್ವನಿಯನ್ನು ಚೂರು ಚೂರಾಗಿ ಕತ್ತರಿಸಿ ಕೈಗಿಡುತ್ತದೆ. ಪ್ರತಿ ಚೂರಿಗೂ ನಾವೊಂದು ಸಂಖ್ಯೆ ಹೇಳಬೇಕು. ಅಲೆಯ ಕೆಳಗೆ ನಮ್ಮ ಸಂಖ್ಯೆಗಳು ಸಣ್ಣದೊಂದು ಗೆರೆಯಾಗಿ ಮೂಡುತ್ತವೆ. ಆ ಗೆರೆ ನೋಡುವಾಗ ನನಗಾಗುವ ಸಂತೋಷವನ್ನು ಮನೆಯಲ್ಲಿ ಯಾರೂ ಹಂಚಿಕೊಂಡಿಲ್ಲ.

ಹಂಚಿನ ಸಂಗತಿ ಶುರುವಾದದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತವರು ಕುಂದಾಪುರದ ಕಡೆ ಹೊಳೆಯ ಬದಿಯಲ್ಲಿ ಹಂಚಿನ ಕಾರ್ಖಾನೆ ನಡೆಸುವ ಧಣಿ. ನನ್ನ ಅಕ್ಕ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿಯೇ ಕೆಲಸಕ್ಕಿದ್ದಾಳೆ. ಸುಟ್ಟು ಹೊರಬಂದ ಹಂಚನ್ನು ಎಡಗೈಯ ಬೆರಳುಗಳಲ್ಲಿ ಹಗುರವಾಗಿ ಹಿಡಿದು, ಬಲಗೈಯ ಬೆರಳ ಗಂಟಿನಿಂದ ಒಮ್ಮೆ ತಟ್ಟುತ್ತಾಳೆ. ಠಣ್ ಎಂದರೆ ಸಾಬೀತು, ಅಂದರೆ ಬಿರುಕಿಲ್ಲದ ಹಂಚು, ಬಲಕ್ಕೆ. ಡಬ್ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು, ಎಡಕ್ಕೆ. ಇವೆರಡರ ನಡುವಿನ ದನಿಗಳಿಗೆ ಹೆಸರಿಲ್ಲ. ಅವು ಅಕ್ಕನಿಗೆ ಮಾತ್ರ ಗೊತ್ತು.

“ಹ್ವಾಯ್ ಮಾಷ್ಟ್ರೆ,” ಎಂದರು ಧಣಿ, ಪಾಯಸ ಸುರ್ರೆಂದು ಹೀರುತ್ತಾ. “ನಿಮ್ಮ ಅಕ್ಕ ಇಪ್ಪು ತನ್ಕ ನಂಗೆ ಹೆದ್ರಿಕಿ ಇಲ್ಲೆ. ಅವ್ರ್ ಕೆಲ್ಸ ಬಿಟ್ಟ್ ಮೇಲೆ ಎಂತ ಮಾಡುದ್? ಹೊಸಬ್ರಿಗೆ ಕಲ್ಸುಕೆ ನಿಮ್ಮ ಕಂಪ್ಯೂಟ್ರಂಗೆ ಎಂತಾರೂ ಆತ್ತಾ ಕಾಣಿ.”

ಆಗುತ್ತದೆ ಎಂದೆ. ಊಟದೆಲೆಯ ಮುಂದೆ ಕೂತಾಗ ನನಗೆ ಎಲ್ಲವೂ ಆಗುತ್ತದೆ.

ಒಂದು ಭಾನುವಾರ ಯಂತ್ರಗಳು ನಿಂತಿದ್ದಾಗ ರೆಕಾರ್ಡರ್ ಹಿಡಿದು ಹೋದೆ. ಹಂಚು ಬಿದ್ದು ಒಡೆದೀತೆಂಬ ಹೆದರಿಕೆಯಲ್ಲಿ ಮೇಜಿನ ಮೇಲೆ ಮೈ ಒರೆಸುವ ದಪ್ಪ ಬೈರಾಸ ಹಾಸಿ, ಅದರ ಮೇಲೆ ಹಂಚಿಟ್ಟು ನಾನೇ ತಟ್ಟಿದೆ. ಎಲ್ಲ ಹಂಚುಗಳೂ ಡಬ್ ಎಂದವು. ಪ್ಲಗಿನ್ ಎಲ್ಲವನ್ನೂ ಒಡಕು ಎಂದದ್ದು ಅದಕ್ಕೇ. ವಿಷಯ ತಿಳಿದಾಗ ಅಕ್ಕ ಸೊಂಟ ಹಿಡಿದು ನಕ್ಕಳು. “ಮಾಣಿ, ಬಾಯಿಗ್ ಬಟ್ಟಿ ತುರ್ಕಿ ಪದ್ಯ ಹೇಳ್ ಅಂದ್ರೆ ಯಾರ್ ಹೇಳ್ತ್ರ್?” ಐವತ್ತೆರಡು ವರ್ಷದವನನ್ನು ಮಾಣಿ ಎಂದು ಕರೆಯುವವರು ಈಗ ಅವಳೊಬ್ಬಳೇ.

ಮುಂದಿನ ಭಾನುವಾರ ಅವಳೇ ತಟ್ಟಿದಳು. ನೂರು ಹಂಚು. ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಅವಳು ಸಾಬೀತು ಎಂದದ್ದನ್ನೂ ಸೀಳು ಎಂದದ್ದನ್ನೂ ಗುರುತು ಹಾಕಿಕೊಂಡೆ. ಸೀಳು ಎಂದವುಗಳನ್ನು ಆಮೇಲೆ ಒಡೆದೂ ನೋಡಿದೆವು. ಪ್ರತಿಯೊಂದರಲ್ಲೂ ಹಳೆಯ ಬಿರುಕಿನ ಕಪ್ಪು ಗೆರೆ ಸಿಕ್ಕಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಬೀಗ ಹಾಕಿದ ಬಾಗಿಲನ್ನೂ ಮೂರು ಸಲ ಎಳೆದು ನೋಡುವವನು. ಹಂಚು ಕಣ್ಣಿಗೆ ಕಾಣದೆ ದನಿ ಮಾತ್ರ ಕೇಳಿದರೂ ಅಕ್ಕ ಅದನ್ನೇ ಹೇಳುತ್ತಾಳೆಯೇ ಎಂದು ಪರೀಕ್ಷಿಸುವ ಆಸೆಯಾಯಿತು. ತಲ್ಲೂರಿನ ಅವಳ ಮನೆಗೆ ಆ ನೂರು ದನಿ ತುಂಬಿದ ಹಳೆಯ ಲ್ಯಾಪ್‌ಟಾಪು, ಹೆಡ್‌ಫೋನು, ಗೆರೆ ಎಳೆದ ಒಂದು ನೋಟ್‌ಬುಕ್ಕು ಕೊಟ್ಟು ಬಂದೆ. ಒಂದು ವಾರದಲ್ಲಿ ನೂರಕ್ಕೂ ಗುರುತು ಹಾಕಿ ಕೊಟ್ಟಳು.

ಅಷ್ಟರಲ್ಲಿ ಪ್ಲಗಿನ್ ಪಳಗಿತ್ತು. ತಟ್ಟಿದ ಮೇಲೆ ದನಿ ಎಷ್ಟು ಹೊತ್ತು ಉಳಿಯುತ್ತದೆ, ಮೇಲಿನ ಸಣ್ಣ ಸ್ವರ ಎಷ್ಟು ಬೇಗ ಸಾಯುತ್ತದೆ ಎಂಬೆರಡು ಅಳತೆ ಸಾಕಾಯಿತು. ಪೈಥಾನಿನ ಒಂದು ಸಾಲು ಒಂದು ಜಾಗ ಮುಂದೆ ಸರಿದಿದ್ದಕ್ಕೆ ಎರಡು ದಿನ ಹೋದದ್ದು ಬೇರೆ ಮಾತು. ಕಾರ್ಖಾನೆಯಲ್ಲಿ ಅಕ್ಕ ಹೇಳಿದ್ದಕ್ಕೂ ಪ್ಲಗಿನ್ ಹೇಳಿದ್ದಕ್ಕೂ ಹೆಚ್ಚುಕಡಿಮೆ ತಾಳೆಯಾಯಿತು. ಆದರೆ ಮನೆಯಲ್ಲಿ ಅವಳು ಬರೆದದ್ದಕ್ಕೂ ಇವೆರಡಕ್ಕೂ ಸಂಬಂಧವೇ ಇರಲಿಲ್ಲ. ಒಡೆದು ಎಸೆದ ಹಂಚನ್ನು ಸಾಬೀತು ಎಂದಿದ್ದಳು. ಯಾವ ಮಳೆಗೂ ಜಗ್ಗದಂಥದ್ದನ್ನು ಸೀಳು ಎಂದಿದ್ದಳು.

ನನ್ನ ತಲೆ ತಕ್ಷಣ ಅತಿ ಕೆಟ್ಟ ಮೂಲೆಗೆ ಓಡಿತು. ಒಂದು ವಾರದಲ್ಲಿ ಕಿವಿ ಹೋಗುವ ಕಾಯಿಲೆಗಳನ್ನು ಫೋನಿನಲ್ಲಿ ಹುಡುಕಿದೆ. ಪ್ರತಿಯೊಂದೂ ಮೆದುಳಿಗೇ ಹೋಗಿ ಮುಟ್ಟುತ್ತಿತ್ತು. ಆಮೇಲೆ ಒಂದೊಂದೇ ನೆನಪಾಯಿತು: ಅವಳ ಮನೆಯ ಟಿ.ವಿ. ಗೇಟಿನವರೆಗೆ ಕೇಳಿಸುವುದು, ನಾನು ಮೆಲ್ಲಗೆ ಕೇಳಿದ್ದಕ್ಕೆ ಅವಳು ಬರಿದೇ ನಗುವುದು. ಆ ನಗುವನ್ನು ನಾನು ಇಷ್ಟು ವರ್ಷ ಪ್ರೀತಿ ಎಂದುಕೊಂಡಿದ್ದೆ.

ಈ ಗುರುತುಗಳನ್ನು ಧಣಿ ನೋಡಿದರೆ? ಕಿವಿಯಿಂದ ಮಾಡುವ ಕೆಲಸದಲ್ಲಿ ಕಿವಿ ಕೇಳದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಳ್ಳೆಯ ಮಾತಲ್ಲೇ ಎಬ್ಬಿಸಿ ಎಲ್ಲಾದರೂ ನೆರಳಲ್ಲಿ ಕೂರಿಸುತ್ತಾರೆ. ಆ ಜಾಗದಿಂದ ಎದ್ದರೆ ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ. ಪರೀಕ್ಷೆ ಬೇಕೆಂದವನು ನಾನೇ. ಆ ಗುರುತುಗಳ ಕಡತವನ್ನು ಅಳಿಸಿಬಿಡೋಣವೆಂದು ಬೆರಳಿಟ್ಟೆ. ಹೆಂಡತಿ, “ಕಂಪ್ಯೂಟ್ರಿನ ಹತ್ರ ಎಂತಕೆ ಕೇಂತ್ರಿ? ಅತ್ತಿಗಿ ಹತ್ರ ಹೋಯಿ ಕೇಣಿ” ಎಂದಳು.

ಹೋದೆ. ಅಕ್ಕ ಅಂಗಳದಲ್ಲಿ ಗೆರಸಿ ಹಿಡಿದು ಅಕ್ಕಿ ಕೇರುತ್ತಿದ್ದಳು. ಹವೆಯ ಬಗ್ಗೆ ಮಾತಾಡಿದೆ, ಮೀನಿನ ಬಗ್ಗೆ ಮಾತಾಡಿದೆ, ಹೆದ್ದಾರಿಯ ಹೊಂಡದ ಬಗ್ಗೆಯೂ ಮಾತಾಡಿದೆ.

“ಎಂತ ಸುತ್ತ್ ಹಾಕ್ತೆ?” ಎಂದಳು. “ನೋಟ್‌ಬುಕ್ ಕಂಡ್ಯಾ?”

“ಕಂಡೆ.”

“ಒಂದ್ ಬಿಟ್ಟ್ ಒಂದ್ ಅಡ್ಡಗೀಟ್ ಹಾಕಿದ್ದೆ. ನೀ ಬೇಜಾರ್ ಮಾಡ್ಕಂಬುದ್ ಬೇಡ ಅಂದೇಳಿ.”

ನೋಟ್‌ಬುಕ್ ತೆರೆದೆ. ಒಂದು ಸಾಬೀತು, ಒಂದು ಸೀಳು, ಒಂದು ಸಾಬೀತು, ಒಂದು ಸೀಳು. ಕೊನೆಯವರೆಗೂ. ಅಷ್ಟನ್ನೂ ನನ್ನ ಕೈಯಾರೆ ಟೈಪ್ ಮಾಡಿ, ಹೊಂದಾಣಿಕೆಯ ಲೆಕ್ಕ ಹಾಕಿ, ಮೆದುಳಿನ ಕಾಯಿಲೆಯವರೆಗೆ ಹೋಗಿ ಬಂದಿದ್ದೆ. ದನಿಯ ಅಲೆಯಲ್ಲಿ ಲಯ ಹುಡುಕುವವನ ಕಣ್ಣಿಗೆ ಶಾಲೆಯ ಮಕ್ಕಳಿಗೂ ಕಾಣುವ ಲಯ ಕಂಡಿರಲಿಲ್ಲ.

“ಬಲದ ಕೆಮಿ ಹೋಯಿ ಸುಮಾರ್ ವರ್ಷ ಆಯ್ತ್,” ಎಂದಳು, ಗೆರಸಿಯಿಂದ ಕಣ್ಣೆತ್ತದೆ. “ಎಡದಂಗೆ ಮಾತ್ ಕೇಂತ್. ಸಣ್ಣ ದನಿ ಸಿಕ್ತಿಲ್ಲೆ. ನಿನ್ನ ಆ ಡಬ್ಬಿ ಒಳ್ಗೆ ಎಲ್ಲ ಒಂದೇ ನಮ್ನಿ ಕೇಂತಿತ್.”

“ಹಂಗಾರೆ ಫ್ಯಾಕ್ಟ್ರಿಯಂಗೆ ಹ್ಯಾಂಗ್ ಗೊತ್ತಾತ್ತ್?”

ಅವಳು ಎದ್ದು ಬಚ್ಚಲಿನ ಪಕ್ಕದಲ್ಲಿ ಒರಗಿಸಿಟ್ಟಿದ್ದ ಎರಡು ಹಳೆಯ ಹಂಚು ತಂದಳು. “ಕಣ್ ಮುಚ್ಚ್” ಎಂದಳು. ನನ್ನ ಎಡಗೈಯ ಮೂರು ಬೆರಳನ್ನು ಬಿಡಿಸಿ, ಹಂಚಿನ ಅಂಚನ್ನು ಅದರ ಮೇಲೆ ನಿಲ್ಲಿಸಿ, “ಗಟ್ಟಿ ಹಿಡಿಬೇಡ. ಪಾಪುವಿನ ಕೈ ಹಿಡ್ದಂಗೆ” ಎಂದು ತಟ್ಟಿದಳು. ಬೆರಳ ತುದಿಯಲ್ಲಿ ಏನೋ ಜುಮ್ಮೆಂದಿತು. ಇನ್ನೊಂದನ್ನು ತಟ್ಟಿದಳು. ಅದೂ ಜುಮ್ಮೆಂದಿತು.

“ಗೊತ್ತಾಯ್ತಾ?”

“ಇಲ್ಲೆ.”

“ಗಟ್ಟಿ ಹಿಡ್ದೆ. ಮತ್ತೊಂದ್ಸಲ.”

ಹತ್ತು ಸಲ ತಟ್ಟಿದಳೋ, ಇಪ್ಪತ್ತು ಸಲವೋ. ನನಗೆ ಗೊತ್ತಾಗಿದ್ದು ಒಂದೇ ಒಂದು ಸಲ: ಒಂದು ಹಂಚಿನ ನಡುಕ ಬೆರಳಿನಿಂದ ಮಣಿಗಂಟಿನತ್ತ ಹರಿಯಿತು, ಇನ್ನೊಂದರದು ಬೆರಳಲ್ಲೇ ನಿಂತುಬಿಟ್ಟಿತು. ಕಣ್ಣು ಬಿಟ್ಟಾಗ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಮಗ್ಗಿ ತಪ್ಪಿಲ್ಲದೆ ಹೇಳಿದ ದಿನ ನೋಡಿದ ಹಾಗೆ.

“ಧಣಿಗೆ ನಾ ಎಂತದೂ ಹೇಳುದಿಲ್ಲೆ,” ಎಂದೆ.

“ನೀ ಎಂತಕೆ ಹೇಳುದ್? ನಂಗೆ ಬಾಯಿ ಇಲ್ಯಾ?” ಎಂದಳು. ಹಂಚುಗಳನ್ನು ಒರಗಿಸಿಟ್ಟು ಮತ್ತೆ ಗೆರಸಿ ಹಿಡಿದಳು. “ಆರೆ ಅವ್ರ್ ‘ಪಾಪ’ ಅಂದ್ರೆ ನಂಗೆ ಕೇಂಬುಕ್ ಆತಿಲ್ಲೆ ಮಾಣಿ” ಎಂದಳು.

ಅವಳಿಗಾಗಿ ನಾನು ಮಾಡಬಹುದಾದದ್ದು ಒಂದೇ ಇತ್ತು. ಗಿಟಾರಿಗೆ ಅಂಟಿಸುವ ನಾಣ್ಯದಂಥದ್ದೊಂದು ಪಿಕಪ್ ಸಿಗುತ್ತದೆ. ಅದು ಗಾಳಿಯಲ್ಲಿ ಬರುವ ದನಿಯನ್ನಲ್ಲ, ಮುಟ್ಟಿದ ವಸ್ತುವಿನ ನಡುಕವನ್ನೇ ಹಿಡಿಯುತ್ತದೆ. ಅದನ್ನು ತರಿಸಿ, ಅಕ್ಕನ ಬೆರಳು ತಾಗುವ ಜಾಗದಲ್ಲೇ ಹಂಚಿಗೆ ಅಂಟಿಸಿ, ಬೇರೆ ನೂರು ಹಂಚನ್ನು ಅವಳಿಂದ ತಟ್ಟಿಸಿ ದಾಖಲಿಸಿದೆ. ಪ್ಲಗಿನ್ನನ್ನು ಅರ್ಧಕ್ಕರ್ಧ ಅಳಿಸಿ ಬರೆದೆ. ಮೇಲಿನ ಸ್ವರ ಹುಡುಕುವ ಭಾಗ ತೆಗೆದು, ನಡುಕ ಹೇಗೆ ಇಳಿಯುತ್ತದೆ ಎಂಬುದನ್ನು ಮಾತ್ರ ಕೇಳಿದೆ. ಮೊದಲು ನೂರಕ್ಕೆ ನಾಲ್ಕೈದು ತಪ್ಪುತ್ತಿತ್ತು, ಈಗ ಒಂದೂ ತಪ್ಪಲಿಲ್ಲ. ಪರದೆಯ ಮೇಲೆ ಸಾಬೀತು ಹಂಚಿನ ಗೆರೆ ದಿಬ್ಬದಂತೆ ನಿಧಾನಕ್ಕೆ ಇಳಿಯುತ್ತಿತ್ತು. ಸೀಳಿನದು ಮೆಟ್ಟಿಲು ತಪ್ಪಿದ ಹಾಗೆ ಧೊಪ್ಪನೆ ಬೀಳುತ್ತಿತ್ತು. ಅಕ್ಕ ಗೆರೆಯ ಮೇಲೆ ಬೆರಳಾಡಿಸಿ, “ಹೌದ್, ಹೀಂಗೇ ಆಪುದ್” ಎಂದಳು. ನನ್ನ ಪ್ರೋಗ್ರಾಮಿಗೆ ಈವರೆಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಧಣಿ ಪ್ಲಗಿನ್ ನೋಡಲು ಕಾರ್ಖಾನೆಯ ಅಂಗಳಕ್ಕೇ ಬಂದರು. ನಾನು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. “ಧಣಿ, ಒಂದ್ ಮಾತ್. ನಂಗೆ ಹಂಚಿನ ದನಿ ಕೇಂತಿಲ್ಲೆ. ಸುಮಾರ್ ವರ್ಷ ಆಯ್ತ್. ನಾ ಕಾಂಬುದ್ ಕೈಯಂಗೆ. ಈ ಮಾಣಿಯ ಕಂಪ್ಯೂಟ್ರಿಗೂ ಅದನ್ನೇ ಕಲ್ಸಿದ್ದ್.”

ಧಣಿ ಅಕ್ಕನ ಕೈಯನ್ನೂ ನನ್ನ ಲ್ಯಾಪ್‌ಟಾಪನ್ನೂ ನೋಡಿದರು. ನಾನು ನೆಲ ನೋಡುತ್ತಿದ್ದೆ.

“ಹಂಗಾರೆ ಅಕ್ಕಾ,” ಎಂದರು, “ನಾ ಇಷ್ಟ್ ವರ್ಷ ಬೈದದ್ದ್ ನಿಮ್ಗೆ ಕೇಣ್ಲೇ ಇಲ್ಯಾ?”

“ಅದೆಲ್ಲ ಕೇಂಡಿತ್ತ್. ಬೈಗುಳಕ್ಕೆ ಎಡದ ಕೆಮಿ ಸಮ ಇತ್ತ್.”

ಧಣಿ ನಕ್ಕರು. ಗಾಡಿಗೆ ಹಂಚು ತುಂಬುತ್ತಿದ್ದ ಹೆಂಗಸರೂ ನಕ್ಕರು. ನಗು ನಿಂತ ಮೇಲೆ ಧಣಿ ಒಂದು ಹಂಚು ಎತ್ತಿ, ಅಕ್ಕನ ಮುಂದೆ ಮೂರು ಬೆರಳು ಚಾಚಿ, “ನಂಗೂ ಒಂಚೂರ್ ತೋರ್ಸಿ ಕಾಂಬ” ಎಂದರು. ಗಟ್ಟಿ ಹಿಡಿಯಬೇಡಿ ಎಂದು ಅಕ್ಕ ಅವರನ್ನೂ ಬೈದಳು. ಪಾಪ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ, ನಾಳೆ ಕುಂದಾಪುರದಲ್ಲಿ ಕಿವಿಯ ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ನಾನು ನಿಂತದ್ದು ಅವಳ ಬಲಕ್ಕೆ ಎಂದು ಹೊಳೆದು, ಹಿಂದಿನಿಂದ ಸುತ್ತಿ ಎಡಕ್ಕೆ ಬಂದು, ಅದನ್ನೇ ಇನ್ನೊಮ್ಮೆ ದೊಡ್ಡದಾಗಿ ಕೇಳಿದೆ.

“ಆಗಳೇ ಕೇಂಡಿತ್ತ್,” ಎಂದಳು ಅಕ್ಕ, ಬಸ್ಸು ಬರುವ ದಿಕ್ಕನ್ನು ನೋಡುತ್ತಾ. “ಹೋಪ. ಆರೆ ಅಲ್ಲಿ ನೀ ಬಾಯಿ ಬಿಡುಕಿಲ್ಲೆ. ನಿನ್ನ ಹೆದ್ರಿಕಿ ಕಂಡ್ರೆ ಡಾಕ್ಟ್ರಿಗೂ ಹೆದ್ರಿಕಿ ಆತ್ತ್.”