ಹುತ್ತದ ಅಣಬೆಯ ಗುಟ್ಟು

ಹೇರೋಹಳ್ಳಿಯ ಮುನಿತಾಯಮ್ಮನಿಗೆ ಅಣಬೆ ಏಳುವ ಹುತ್ತಗಳೆಲ್ಲ ಗೊತ್ತಿದ್ದವು. ಒಂದನ್ನೂ ಯಾರಿಗೂ ತೋರಿಸಿದವಳಲ್ಲ. ಬೆರಳು ಮಾಡಿ ತೋರಿಸಿದರೆ ಆ ಜಾಗದಲ್ಲಿ ಮತ್ತೆ ಅಣಬೆ ಏಳುವುದಿಲ್ಲ ಎಂಬ ನಂಬಿಕೆ ಊರಿನದು. ಅವಳದು ಅದಕ್ಕಿಂತ ಗುಲಗಂಜಿ ತೂಕ ಹೆಚ್ಚು. ಗುಡುಗಿದ ಮಾರನೆಯ ಬೆಳಿಗ್ಗೆ, ಕದ್ದ ಮಾಲಿನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. ನಾನು ಪಕ್ಕದ ಮನೆಯವಳು. ಸಾರು ಉಂಡಿದ್ದೇನೆ, ಜಾಗ ಕಂಡಿಲ್ಲ.

ಮಗಳು ಜಲಜಾ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೊಲಿಗೆಗೆ ಹೋಗುತ್ತಿದ್ದಳು. ಎಂಬತ್ಮೂರನೇ ಇಸವಿಯಲ್ಲಿ ಅವಳ ಕಾಲಿನ ಶಕ್ತಿ ಕುಂದಿ, ಮಿಷನ್ ತುಳಿಯಲಾಗದೆ ಹೋಯಿತು. ರೋಗದಿಂದ ಮೈ ಕಾಯಬೇಕಾದ ಶಕ್ತಿಯೇ ನರಗಳ ಮೇಲೆ ಬಿದ್ದಿದೆ ಎಂದರು ಡಾಕ್ಟರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮಾತ್ರೆ ಬಿಡಬಾರದು ಎಂದೂ ಹೇಳಿದರು.

ಮಾತ್ರೆ ಶುರುವಾದಾಗಲೇ ಮಳೆಯೂ ಶುರುವಾಯಿತು. ಮುನಿತಾಯಮ್ಮ ಅಣಬೆ ಸಾರು ಮಾಡಿ ಉಣ್ಣಿಸಿದಳು, ಉಳಿದದ್ದನ್ನು ಒಣಗಿಸಿ ಪುಡಿ ಮಾಡಿಟ್ಟಳು. ದೀಪಾವಳಿಗೆ ಜಲಜಾ ಬಸ್ ಸ್ಟಾಪಿನವರೆಗೆ ನಡೆದಳು. ಕೀರ್ತಿಯೆಲ್ಲ ಅಣಬೆಗೆ ಹೋಯಿತು.

"ಅಣಬೆ ತಿಂದು ಎದ್ದವ್ಳೆ ಸಾರ್," ಎಂದು ಮುನಿತಾಯಮ್ಮ ಡಾಕ್ಟರಿಗೇ ಹೇಳಿದಳು.

ಅವರು ನಗಲಿಲ್ಲ. "ಇರಬಹುದಮ್ಮ, ಗೊತ್ತಿಲ್ಲ. ಮಾತ್ರೆನೂ ತಗೊಂಡಿದಾಳಲ್ಲ, ಯಾವುದರಿಂದ ಅಂತ ಹೇಗೆ ಹೇಳೋದು? ಈ ಕಾಯಿಲೆ ತಾನಾಗೇ ಇಳಿಯೋದೂ ಉಂಟು. ಅಣಬೆ ಎಲ್ಲಿ ಸಿಗುತ್ತೆ ಹೇಳಿ, ಪರೀಕ್ಷೆ ಮಾಡಿಸೋಣ. ಆದ್ರೆ ಮಾತ್ರೆ ನಿಲ್ಲಿಸಬೇಡಿ."

ಜಾಗ ಹೇಳುವುದೆ? ಬಾಯಿ ಬಿಗಿದುಕೊಂಡು ಮನೆಗೆ ಬಂದಳು. ನಾಟಿ ಮದ್ದಿನ ಜೊತೆ ಇಂಗ್ಲಿಷ್ ಮದ್ದು ಸೇರಿದರೆ ಎರಡೂ ಕೆಡುತ್ತವೆ ಎಂಬುದು ಅವಳ ಇನ್ನೊಂದು ಶಾಸ್ತ್ರ. ಮುಂದಿನ ಸಲ ಆಸ್ಪತ್ರೆಗೆ ಒಬ್ಬಳೇ ಹೋಗಿಬಂದು, "ಮಾತ್ರೆ ಸಾಕು ಅಂದ್ರು ಕಣೇ," ಎಂದಳು. ಮನೆಯಲ್ಲಿದ್ದ ಮಾತ್ರೆಯೂ ಕಾಣೆಯಾಯಿತು. ಜಲಜಾ ನಂಬಿದಳು. ಹೆತ್ತ ತಾಯಿಯನ್ನು ನಂಬದೆ ಇನ್ಯಾರನ್ನು ನಂಬುತ್ತಾಳೆ?

ಯುಗಾದಿಯ ಹೊತ್ತಿಗೆ ಎರಡೂ ಕಾಲು ಬಿದ್ದುಹೋದವು. ಆಗಲೂ ಮುನಿತಾಯಮ್ಮ ಡಬ್ಬಿಯ ಅಣಬೆ ಪುಡಿ ಮುಗಿಯುವವರೆಗೆ ತಿನ್ನಿಸಿದಳು. ಕೊನೆಗೆ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು.

"ಮಾತ್ರೆ ನಿಲ್ಲಿಸಿ ಅಂತ ಯಾರು ಹೇಳಿದ್ದು?" ಎಂದು ಡಾಕ್ಟರು ಕೇಳಿದಾಗ ಜಲಜಾ ಅಮ್ಮನ ಮುಖ ನೋಡಿದಳು. ಮತ್ತೆ ಮಾತ್ರೆ ಕೊಟ್ಟರು. ತಡವಾಗಿತ್ತು, ಕಾಲು ಬರಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಇವತ್ತಿಗೂ ಸಿಟ್ಟು. ಪಾಪ, ಪ್ರೀತಿಯಿಂದ ಮಾಡಿದಳು ಅನ್ನುವವರ ಮೇಲೆ ಇನ್ನೂ ಸಿಟ್ಟು.

ಮುಂಗಾರಿನ ಮೊದಲ ಗುಡುಗಿಗೆ ಮುನಿತಾಯಮ್ಮ ಮಗಳ ಮಂಚದ ಹತ್ತಿರ ಕೂತು ಅತ್ತಳು. "ಅಣಬೆ ಜಾಗ ಎಲ್ಲಾ ತೋರಿಸ್ಬಿಡ್ತೀನಿ ಕಣವ್ವ. ಡಾಕ್ಟ್ರಿಗೂ ತೋರಿಸ್ತೀನಿ."

"ಅದು ಬೇಡಮ್ಮ," ಎಂದಳು ಜಲಜಾ. "ನನ್ ಮಾತ್ರೆ ಎಲ್ಲಿ ಬಿಸಾಕ್ದೆ? ಆ ಜಾಗ ತೋರ್ಸು."

ಮುನಿತಾಯಮ್ಮ ಬೆರಳೆತ್ತಿ ಹಿತ್ತಲಿನ ತಿಪ್ಪೆ ತೋರಿಸಿದಳು.