ಬೊಮ್ಮಲಿಂಗದಾಸರ ಹತ್ತೊಂಬತ್ತು ಕೀರ್ತನೆಗಳು

ಚಳ್ಳಕೆರೆಯ ಸ್ಕೂಲು ಮೇಷ್ಟ್ರು ತಿಪ್ಪೇರುದ್ರಪ್ಪನವರು ಹನ್ನೊಂದು ವರ್ಷದಿಂದ ಒಂದೇ ಕೆಲಸದ ಬೆನ್ನು ಹತ್ತಿದ್ದರು. ಎಂದೋ ತೀರಿಹೋದ ಬೊಮ್ಮಲಿಂಗದಾಸರ ಕೀರ್ತನೆಗಳನ್ನು ಊರೂರು ಅಲೆದು ಕೂಡಿಸಬೇಕು, ಒಬ್ಬರು ಹಾಡಿದ್ದನ್ನು ಇನ್ನೊಬ್ಬರದರ ಜೊತೆ ತಾಳೆ ನೋಡಬೇಕು, ಸ್ವರ ಹಾಕಿ ಅಚ್ಚು ಮಾಡಿಸಬೇಕು. ಎಂಬತ್ತೆರಡು ಸಿಕ್ಕಿದ್ದವು. ಉಳಿದ ಹತ್ತೊಂಬತ್ತನ್ನು ದಾಸರ ಶಿಷ್ಯ ದಾಸಣ್ಣ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಅದು ಮೊಳಕಾಲ್ಮೂರಿನಲ್ಲಿ, ಸೀರೆ ನೇಯುವ ಅವನ ಮಗಳು ರಂಗಕ್ಕನ ಹತ್ತಿರ ಇತ್ತು. "ಅಪ್ಪನ ಅಕ್ಷರ ಹೊಸಲು ದಾಟಬಾರದು" ಎಂದು ಆಕೆ ಎರಡು ಸಲ ಮೇಷ್ಟ್ರನ್ನು ಬರಿಗೈಲಿ ಕಳಿಸಿದ್ದಳು.

೧೯೦೯ರಲ್ಲಿ ಮೊಳಕಾಲ್ಮೂರಿಗೆ ಪ್ಲೇಗು ಬಂತು. ಸುದ್ದಿ ಕೇಳಿದ ದಿನವೇ ಮೇಷ್ಟ್ರು ಗಾಡಿ ಕಟ್ಟಿಸಿದರು. ಹೆಂಡತಿ ಯರ್ರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸಾಯಾಕೆ ಹೋಗ್ತೀರಾ?"

ಮೇಷ್ಟ್ರು ಅವಳನ್ನು ದಾಟಿ ಗಾಡಿ ಹತ್ತಿದರು.

ಊರು ಖಾಲಿಯಾಗಿತ್ತು. ಜನ ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ರಂಗಕ್ಕನ ಮನೆಯಲ್ಲಿ ಅವಳ ಮೈದುನ ಸತ್ತಿದ್ದ. ಪ್ಲೇಗಿನ ಅಧಿಕಾರಿ ಮನೆಯ ಚಾಪೆ, ಬಟ್ಟೆ, ಕಾಗದ ಎಲ್ಲವನ್ನೂ ಬೀದಿಗೆ ಹಾಕಿಸಿ ಸೀಮೆಎಣ್ಣೆ ಸುರಿಸುತ್ತಿದ್ದ.

"ಆ ಪುಸ್ತಕ ಒಂದು ಬಿಡಿ ಸ್ವಾಮಿ. ಬಿಸಿಲಲ್ಲಿಟ್ಟು ದೂರದಿಂದ ನಕಲು ಮಾಡ್ಕೋತೀನಿ" ಎಂದು ಮೇಷ್ಟ್ರು ಕೈಮುಗಿದರು.

"ಸತ್ತೋನ ತಲೆದೆಸೆಯಲ್ಲಿ ಇದ್ದದ್ದು. ದೂರ ಸರೀರಿ."

ಕಣ್ಣೆದುರಿಗೇ ಬೆಂಕಿ ಹತ್ತಿತು.

ಮೇಷ್ಟ್ರು ಗುಡಿಸಲುಗಳ ಕಡೆ ಓಡಿದರು. ರೋಗ ಹರಡದಂತೆ ಸುತ್ತ ಹಗ್ಗ ಕಟ್ಟಿದ್ದರು. ಆಚೆ ರಂಗಕ್ಕ ಹೊಗೆ ನೋಡುತ್ತಾ ನಿಂತಿದ್ದಳು.

"ರಂಗಕ್ಕಾ, ಪುಸ್ತಕ ಹೋತು. ನಿನ್ನ ಬಾಯಾಗೆ ಎಷ್ಟವೆ?"

ಆಕೆ ಸೆರಗಿಂದ ಮುಖ ಒರೆಸಿಕೊಂಡು, "ಎಲ್ಲಾ ಅವೆ. ಬರ್ಕಳ್ರಿ" ಎಂದಳು.

ಹಗ್ಗದ ಆಚೆ ಅವಳು ಹಾಡಿದಳು, ಈಚೆ ಇವರು ಬರೆದರು. ಮೊದಲ ದಿನ ಹನ್ನೆರಡು ಆದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಒಡೆಯತೊಡಗಿತು. ಹಾಡಿನ ನಡುವೆ ಕೈ ಮತ್ತೆ ಮತ್ತೆ ಕಂಕುಳಿಗೆ ಹೋಗುತ್ತಿತ್ತು. ಮೇಷ್ಟ್ರ ಲೇಖನಿ ನಿಂತಿತು.

"ಗಡ್ಡೆ ಎದ್ದೈತೇನಕ್ಕಾ?"

"ಅದನ್ನ ಕೇಳಬ್ಯಾಡ್ರಿ. ಇನ್ನೂ ನಾಕು ಅವೆ."

ಕುಳಿತು ಮೂರು ಹಾಡಿದಳು. ಕಡೆಯದನ್ನು ಮಲಗಿಕೊಂಡೇ ಹಾಡಿದಳು. ಅದರ ಎರಡನೇ ಚರಣದಲ್ಲಿ ಒಂದು ಸಾಲು ಎಷ್ಟು ತಡಕಿದರೂ ಬರಲಿಲ್ಲ.

"ನೀವೇ ಒಂದು ಕಟ್ಟಿ ಸೇರಿಸ್ರಿ. ಯಾರಿಗೆ ತಿಳಿತೈತೆ?"

"ನಂಗೆ ತಿಳಿತೈತಲ್ಲ" ಎಂದು ಮೇಷ್ಟ್ರು ಆ ಜಾಗದಲ್ಲಿ ಬರೀ ಚುಕ್ಕಿ ಇಟ್ಟರು.

ಅವರನ್ನೂ ಹತ್ತು ದಿನ ಊರಾಚೆ ತಡೆದರು. ದಿನಾ ಬೆಳಗ್ಗೆ ಎದ್ದು ತಮ್ಮ ಕಂಕುಳನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ. ರಂಗಕ್ಕನ ಗಡ್ಡೆ ಒಡೆದು ಕೀವು ಹೋಗಿ, ಎಂಟನೇ ದಿನ ಆಕೆ ಅಂಬಲಿ ಕೇಳಿದಳಂತೆ.

ಎರಡು ವರ್ಷದ ಮೇಲೆ ನೂರ ಒಂದು ಕೀರ್ತನೆಗಳ ಸಂಪುಟ ಮುನ್ನೂರು ಪ್ರತಿ ಅಚ್ಚಾಯಿತು. ಮೊದಲ ಪ್ರತಿ ಹಿಡಿದು ಮೇಷ್ಟ್ರು ರಂಗಕ್ಕನ ಮಗ್ಗದ ಮುಂದೆ ಕೂತರು. ಆಕೆಗೆ ಓದು ಬರದು. ಇವರೇ ಸ್ವರ ನೋಡಿ ಹಾಡತೊಡಗಿದರು. ಆನಂದಭೈರವಿಯ ಕೀರ್ತನೆಗೆ ಬಂದಾಗ ಆಕೆ ಲಾಳಿ ನಿಲ್ಲಿಸಿದಳು.

"ಅಲ್ಲಿ ಸ್ವರ ಇನ್ನಾ ಚೂರು ಮ್ಯಾಲೈತೆ. ನೀವು ಹಾಡಿದಂಗೆ ಅಪ್ಪ ಹಾಡ್ತಿರಲಿಲ್ಲ."

ಮೇಷ್ಟ್ರು ಆಕೆಯಿಂದ ಮತ್ತೆ ಮತ್ತೆ ಹಾಡಿಸಿ ಕೇಳಿದರು. ತಪ್ಪು ತಮ್ಮದೇ. ಆ ಬೇಸಿಗೆ ರಜೆಯೆಲ್ಲ ಅವರೂ ಯರ್ರಮ್ಮನೂ ಪಡಸಾಲೆಯಲ್ಲಿ ಕೂತು, ಮುನ್ನೂರು ಪ್ರತಿಗೂ ತಿದ್ದುಪಡಿಯ ಚೀಟಿ ಅಂಟಿಸಿದರು.