ರೇಡಿಯೇಟರಿಗೆ ಅಂಟಿದ ಚುನರಿ

ಮಣಿನಗರದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕು ಟ್ರಾಫಿಕ್ಕಿನಲ್ಲಿ ಎಂಜಿನ್ ಬಿಸಿಯೇರಿ ನಿಂತುಬಿಡುತ್ತಿತ್ತು. ಇನ್ನೊಮ್ಮೆ ನಿಂತರೆ ಮಾರಲೇಬೇಕೆಂದು ಹೆಂಡತಿ ಹೇಳಿದ್ದಳು.

ನಮ್ಮ ಹೌಸಿಂಗ್ ಸೊಸೈಟಿಯ ಬೈಕ್ ಪಂಡಿತರು ನಿಂತಲ್ಲೇ ಪ್ಲಗ್ಗು, ಪೆಟ್ರೋಲು, ಬ್ಯಾಟರಿಗಳನ್ನು ಬೈದರು. ಒಬ್ಬರಾದರೂ ಬಗ್ಗಿ ನೋಡಲಿಲ್ಲ. ನಾನು ಬಗ್ಗಿದೆ. ದೃಷ್ಟಿ ತಾಗದಿರಲೆಂದು ಹಳೆಯ ಮಾಲೀಕ ಮುಂದೆ ಕಟ್ಟಿದ್ದ ದೇವಿ ಮಾತಾಜಿಯ ಕೆಂಪು ಚುನರಿ ಬಟ್ಟೆ ಜಾರಿ, ರೇಡಿಯೇಟರಿಗೆ ಅಂಟಿಕೊಂಡು ಗಾಳಿಯನ್ನೇ ತಡೆದಿತ್ತು.

ಕತ್ತರಿ ತಂದಾಗ, ಮಾತಾಜಿ ಇದ್ದರೇ ಗಾಡಿ ಎಂದು ಪಕ್ಕದ ಮನೆಯ ಕಾಕಾ ಕೂಗಿದರು: "ಅರೇ ಭಾಯ್, ಮಾತಾಜಿ ಹೈ ತೋ ಗಾಡಿ ಹೈ!"

"ಗಾಡಿ ಚಲ್ತಾ ಹೀ ನಹೀ, ಕಾಕಾ," ಓಡುವುದೇ ಇಲ್ಲವಲ್ಲ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

"ಬಿಚ್ಚಿ ಹ್ಯಾಂಡಲಿಗೆ ಕಟ್ಟಿ ಮಾರಾಯ್ರೆ, ಜಗಳ ಸಾಕು," ಎಂದಳು ಹೆಂಡತಿ.

ಬೈಕು ಮತ್ತೆ ನಿಲ್ಲಲಿಲ್ಲ, ನಾವು ಅದನ್ನು ಮಾರಲೂ ಇಲ್ಲ. ಎಲ್ಲ ಮಾತಾಜಿಯ ಕೃಪೆಯೆಂದು ಕಾಕಾ ಈಗಲೂ ಸಾರುತ್ತಾರೆ. ಹ್ಯಾಂಡಲಿಗೆ ಚುನರಿ ಕಟ್ಟಿದವಳು ಹೆಂಡತಿ ಎಂದೇ ನನ್ನ ನೆನಪು. ನಾನೇ ಕಟ್ಟಿದ್ದೆಂದು ಅವಳ ವಾದ. ನನ್ನ ನೆನಪನ್ನು ನಾನೂ ಅಷ್ಟಾಗಿ ನಂಬುವುದಿಲ್ಲ.